ಕೋವಿಯ ನಳಿಗೆಯಲ್ಲಿ ಸೀಸದ ಪದರ: ಏಕೆ ಕಟ್ಟುತ್ತದೆ, ಸುರಕ್ಷಿತವಾಗಿ ತೆಗೆಯುವುದು ಹೇಗೆ?

ಕೊಡಗಿನಲ್ಲಿ ಭತ್ತದ ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ತಿಂಗಳು ಕಾಲಿಡುತ್ತಿದ್ದಂತೆ ಮನೆಮನೆಗಳಲ್ಲಿ ಕೋವಿಗಳು ಹೊರಬರುತ್ತವೆ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್, ಅಂದರೆ ಕೈಲ್ ಮುಹೂರ್ತ, ಕೊಡವರ ಆಯುಧ ಪೂಜೆಯ ಹಬ್ಬ. ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜೆಗೆ ಇಡುತ್ತಾರೆ. ಪೂಜೆಯ ನಂತರ ಕಡಂಬುಟ್ಟು, ಪಂದಿಕರಿಯ ಊಟ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಈ ಸಡಗರದ ನಡುವೆ ಹೆಚ್ಚು ಗಮನಕ್ಕೆ ಬಾರದ ವಿಷಯವೊಂದಿದೆ. ಅದು ನಳಿಗೆಯ ಒಳಗೋಡೆಗೆ ಅಂಟಿಕೊಳ್ಳುವ ಸೀಸ. ಅದನ್ನು ತೆಗೆಯದಿದ್ದರೆ ಕೋವಿಯ ಗುರಿ ಕೆಡುತ್ತದೆ. ತಪ್ಪು ವಿಧಾನದಲ್ಲಿ ತೆಗೆದರೆ ಕೋವಿ ಮಾತ್ರವಲ್ಲ, ಶುಚಿ ಮಾಡಿದವರ ಮತ್ತು ಮನೆಯ ಮಕ್ಕಳ ಆರೋಗ್ಯವೂ ಕೆಡುತ್ತದೆ.

ಕೊಡಗಿಗೂ ಕೋವಿಗೂ ಇರುವ ನಂಟು

1861ರಲ್ಲಿ ಮಾರ್ಕ್ ಕಬ್ಬನ್ ಅವರ ಆಡಳಿತ ಕಾಲದಲ್ಲಿ ಕೊಡವರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯನ್ನು ವಿಚಾರಣೆ ಮಾಡಿದ ಕರ್ನಾಟಕ ಹೈಕೋರ್ಟ್, 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಹೀಗಾಗಿ ಕೊಡಗಿನ ಅನೇಕ ಮನೆಗಳಲ್ಲಿ ಅಜ್ಜ, ಮುತ್ತಜ್ಜನ ಕಾಲದ ಕೋವಿಗಳಿವೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ, ಒಂಟಿ ನಳಿಗೆ ಮತ್ತು ಜೋಡಿ ನಳಿಗೆಯ ತೋಟಾ ಕೋವಿ, ರೈಫಲ್ ಹೀಗೆ ಹಲವು ಬಗೆ. ಬಗೆ ಬೇರೆಯಾದರೂ ಸೀಸದ ಗುಂಡು ಅಥವಾ ಚರೆ ಬಳಸುವ ಯಾವ ಕೋವಿಗೂ ಸೀಸದ ತೊಂದರೆ ತಪ್ಪಿದ್ದಲ್ಲ.

ಸೀಸ ಅಂಟುವುದು ಏಕೆ?

ಸೀಸ ಬಹಳ ಮೆದುವಾದ, ಭಾರವಾದ ಲೋಹ. ಒಂದು ಘನ ಸೆಂಟಿಮೀಟರ್ ಸೀಸದ ತೂಕ ಸುಮಾರು 11.3 ಗ್ರಾಂ. ಇದು ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಭಾರ ಮತ್ತು ಮೆದುತನದಿಂದಾಗಿ ಸೀಸ ಗುಂಡಿಗೆ ಒಗ್ಗಿತು. ಅದೇ ಮೆದುತನ ನಳಿಗೆಗೆ ತಲೆನೋವಾಯಿತು.

ಗುಂಡು ಹಾರಿದಾಗ ಅದರ ಹಿಂದೆ ಅತಿ ಬಿಸಿಯಾದ ಅನಿಲ ಭಾರೀ ಒತ್ತಡದಿಂದ ನುಗ್ಗುತ್ತದೆ. ಗುಂಡು ನಳಿಗೆಗೆ ಸರಿಯಾಗಿ ಕೂರದೆ ಸಣ್ಣದಾಗಿದ್ದರೆ, ಸಂದಿನಲ್ಲಿ ನುಗ್ಗಿದ ಅನಿಲ ಗುಂಡಿನ ಅಂಚನ್ನು ಕರಗಿಸಿ ಗೋಡೆಗೆ ಮೆತ್ತುತ್ತದೆ. ಗುಂಡು ಅತಿ ಮೆದುವಾಗಿದ್ದರೆ ಗೋಡೆಗೆ ಉಜ್ಜಿ ಸವೆಯುತ್ತದೆ. ಅತಿ ಗಟ್ಟಿಯಾಗಿದ್ದರೆ ಒತ್ತಡಕ್ಕೆ ಹಿಗ್ಗಿ ಸಂದನ್ನು ಮುಚ್ಚದೆ ಮತ್ತೆ ಅನಿಲ ಸೋರಲು ದಾರಿ ಮಾಡಿಕೊಡುತ್ತದೆ. ತುಕ್ಕಿನಿಂದ ಕುಳಿ ಬಿದ್ದ ನಳಿಗೆಯಂತೂ ಅರದಂತೆ ಸೀಸವನ್ನು ಕೆರೆದುಕೊಳ್ಳುತ್ತದೆ.

ಸೀಸ ಎಲ್ಲಿ ಕಟ್ಟಿದೆ ಎಂಬುದರಿಂದ ಕಾರಣವನ್ನು ಊಹಿಸಬಹುದು. ರೈಫಲ್‌ನಲ್ಲಿ ತೋಟಾ ಕೂರುವ ಭಾಗದ ಮುಂದೆಯೇ ಕಟ್ಟಿದ್ದರೆ ಗುಂಡಿನ ಅಳತೆ ಹೊಂದುತ್ತಿಲ್ಲ, ಅನಿಲ ಸೋರುತ್ತಿದೆ ಎಂದರ್ಥ. ಬಾಯಿಯ ಬಳಿ ಕಟ್ಟಿದ್ದರೆ ಗುಂಡಿಗೆ ಸವರಿದ ಜಿಡ್ಡು ದಾರಿಯಲ್ಲೇ ಮುಗಿದಿದೆ ಎನ್ನಬಹುದು. ಚರೆ ಕೋವಿಗಳಲ್ಲಿ ತೋಟಾದ ಗೂಡು ಕಿರಿದಾಗುವ ಇಳಿಜಾರಿನಲ್ಲಿ ಹಾಗೂ ಬಾಯಿಯ ಬಳಿ ನಳಿಗೆ ಬಿಗಿಯಾಗುವ ಚೋಕ್ ಭಾಗದಲ್ಲಿ ಸೀಸ ಹೆಚ್ಚು. ಈಗಿನ ತೋಟಾಗಳಲ್ಲಿ ಚರೆಗಳು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಇರುವುದರಿಂದ ಸೀಸ ಕಡಿಮೆ ಅಂಟುತ್ತದೆ, ಆದರೆ ಪ್ಲಾಸ್ಟಿಕ್‌ನ ತೆಳು ಪದರ ಉಳಿಯುತ್ತದೆ.

1857ರ ಜಿಡ್ಡಿನ ಹಿಂದೆಯೂ ಇದೇ ಸಮಸ್ಯೆ

ಇದು ಹೊಸ ಸಮಸ್ಯೆಯೇನಲ್ಲ. 1857ರ ಸಿಪಾಯಿ ದಂಗೆಗೆ ಕಿಡಿ ಹೊತ್ತಿಸಿದ್ದು ಎನ್‌ಫೀಲ್ಡ್ ರೈಫಲ್‌ನ ಜಿಡ್ಡು ಸವರಿದ ಕಾಗದದ ತೋಟಾ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಹಸು ಮತ್ತು ಹಂದಿಯ ಕೊಬ್ಬು ಎಂಬ ಸುದ್ದಿ ಸಿಪಾಯಿಗಳನ್ನು ಕೆರಳಿಸಿತು. ಆದರೆ ಜಿಡ್ಡು ಅಲ್ಲಿಗೆ ಬಂದದ್ದಾದರೂ ಏಕೆ? ಗೀರು ಕೊರೆದ ನಳಿಗೆಯೊಳಗೆ ಸೀಸದ ಗುಂಡು ಸರಾಗವಾಗಿ ಇಳಿಯಲಿ, ಸುಟ್ಟ ಮದ್ದಿನ ಮಸಿ ಗಟ್ಟಿಯಾಗದಿರಲಿ ಎಂದು. ನಳಿಗೆಯಲ್ಲಿ ಕೊಳೆ ಕಟ್ಟಿದರೆ ಮುಂದಿನ ಗುಂಡು ತುಂಬುವುದೇ ಕಷ್ಟವಾಗುತ್ತಿತ್ತು.

ಮದ್ದಿನ ಶಕ್ತಿ ಹೆಚ್ಚಿದಂತೆ ಬರಿಯ ಸೀಸದ ಗುಂಡು ತಾಳಿಕೊಳ್ಳಲಿಲ್ಲ. 1882ರಲ್ಲಿ ಸ್ವಿಟ್ಜರ್ಲೆಂಡ್‌ನ ಎಡ್ವರ್ಡ್ ರೂಬಿನ್ ತಾಮ್ರದ ಕವಚದ ಗುಂಡನ್ನು ರೂಪಿಸಿದರು. ಸೇನಾ ರೈಫಲ್‌ಗಳು ಕವಚದ ಗುಂಡಿಗೆ ಬದಲಾದವು. ಚರೆ ಕೋವಿ, ಪಾಯಿಂಟ್ 22 ರೈಫಲ್ ಮತ್ತು ಏರ್ ರೈಫಲ್‌ಗಳಲ್ಲಿ ಮಾತ್ರ ಸೀಸ ಇಂದಿಗೂ ಉಳಿದಿದೆ. ಚೆನ್ನೈಯಲ್ಲಿ ಜನಿಸಿದ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವುದೂ ಸಾಮಾನ್ಯವಾಗಿ ಸೀಸದ ಗುಳಿಗೆಗಳನ್ನೇ.

ಮೊದಲು ನೋಡಬೇಕಾದ್ದು: ಕೋವಿ ಖಾಲಿ ಇದೆಯೇ?

ಶುಚಿ ಮಾಡುವಾಗ ಗುಂಡು ಹಾರುವ ಅವಘಡಗಳಿಗೆ ಮೂಲ ಒಂದೇ, ಖಾಲಿ ಇದೆ ಎಂಬ ನಂಬಿಕೆ. ತೋಟಾ ಕೋವಿಯಾದರೆ ತೆರೆದು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ತೋಟಾಗಳು ಬೇರೆ ಕೋಣೆಯಲ್ಲಿರಬೇಕು.

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ಅಪಾಯ ಹೆಚ್ಚು. ಹೊರಗಿನಿಂದ ನೋಡಿದರೆ ಒಳಗೆ ಮದ್ದಿದೆಯೇ ಎಂದು ತಿಳಿಯುವುದಿಲ್ಲ. ಒಣಗಿದ್ದ ಕರಿಮದ್ದು ದಶಕಗಳ ನಂತರವೂ ಸಿಡಿಯಬಲ್ಲದು. ಅಟ್ಟದಲ್ಲಿ ಮೂವತ್ತು ವರ್ಷ ಇದ್ದ ಕೋವಿಯಾದರೂ ತುಂಬಿದೆ ಎಂದೇ ತಿಳಿಯಬೇಕು. ಪರೀಕ್ಷೆ ಸುಲಭ. ಮುಖ ಮತ್ತು ದೇಹ ಬಾಯಿಗೆ ಅಡ್ಡ ಬರದಂತೆ ನಿಂತು ಗಜದ ಕಡ್ಡಿಯನ್ನು ಮೆಲ್ಲನೆ ನಳಿಗೆಯ ತಳಕ್ಕೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಬೇಕು. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಇಟ್ಟು ಅಳೆದಾಗ ತುದಿ ಹಿಂಬದಿಯ ಕಿವಿರಂಧ್ರದವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಆಗ ಕೆದಕಬಾರದು. ಪರವಾನಗಿ ಇರುವ ಕೋವಿ ದುರಸ್ತಿಗಾರರ ಸಲಹೆ ಪಡೆಯಬೇಕು.

ಸೀಸ ತೆಗೆಯುವ ಕ್ರಮ

ಗೋಡೆಯ ಮೇಲೆ ಬೂದು ಬಣ್ಣದ ಗೆರೆಗಳು ಅಥವಾ ಮಂಕಾದ ತೇಪೆಗಳು ಕಂಡರೆ, ಒರೆಸಿದ ಬಟ್ಟೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಚೂರುಗಳು ಬಂದರೆ ಅದು ಸೀಸ. ಗುರಿ ಕ್ರಮೇಣ ಚದುರುವುದೂ ಒಂದು ಲಕ್ಷಣ.

* ಮೊದಲು ಮದ್ದಿನ ಮಸಿಯನ್ನು ತೆಗೆಯಬೇಕು. ಕರಿಮದ್ದು ಬಳಸಿದ ಕೋವಿಗೆ ಬಿಸಿನೀರು ಮತ್ತು ಸೋಪು ಸಾಕು. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಕೊಡಗಿನ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ಹೊಗೆರಹಿತ ಮದ್ದಿಗೆ ನಳಿಗೆ ಶುಚಿಗೊಳಿಸುವ ದ್ರಾವಣ ಬೇಕು.

* ನಂತರ ಸಂದುಗಳಿಗೆ ಇಳಿಯುವ ತೆಳು ಎಣ್ಣೆ ಅಥವಾ ದ್ರಾವಣ ಸವರಿ ನೆನೆಯಲು ಬಿಡಬೇಕು. ಇದು ಸೀಸವನ್ನು ಕರಗಿಸುವುದಿಲ್ಲ. ಅದರ ಅಡಿಗೆ ನುಸುಳಿ ಹಿಡಿತವನ್ನು ಸಡಿಲಿಸುತ್ತದೆ, ಧೂಳು ಏಳದಂತೆಯೂ ತಡೆಯುತ್ತದೆ.

* ನಳಿಗೆಯ ಅಳತೆಯ ಕಂಚಿನ ಬ್ರಷ್‌ನಿಂದ ಉಜ್ಜಬೇಕು. ಸಾಧ್ಯವಿರುವ ಕೋವಿಗಳಲ್ಲಿ ಹಿಂಬದಿಯಿಂದಲೇ ಬ್ರಷ್ ತೂರಿಸಬೇಕು. ಬಾಯಿಯ ಅಂಚು ಸವೆದರೆ ಗುರಿ ತಪ್ಪುತ್ತದೆ. ಬ್ರಷ್ ಪೂರ್ತಿ ಆಚೆ ಹೋದ ನಂತರವೇ ಹಿಂದಕ್ಕೆ ಎಳೆಯಬೇಕು.

* ಹಠಮಾರಿ ಪದರಕ್ಕೆ ಸವೆದ ಬ್ರಷ್‌ಗೆ ತಾಮ್ರದ ನಾರನ್ನು ಸುತ್ತಿ ಉಜ್ಜಬಹುದು. ತಾಮ್ರ ಸೀಸಕ್ಕಿಂತ ಗಟ್ಟಿ, ಉಕ್ಕಿಗಿಂತ ಮೆದು. ಹಾಗಾಗಿ ಸೀಸ ಕೆರೆದು ಬರುತ್ತದೆ, ನಳಿಗೆಗೆ ಗೀರು ಬೀಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಪಾತ್ರೆ ಉಜ್ಜುವ ನಾರು ಕೆಲವೊಮ್ಮೆ ತಾಮ್ರದ ಲೇಪವಿರುವ ಉಕ್ಕಾಗಿರುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಬಳಸಬಾರದು.

* ಬಟ್ಟೆಯ ತುಂಡು ಶುಭ್ರವಾಗಿ ಬರುವವರೆಗೆ ಮತ್ತೆ ಮತ್ತೆ ಒರೆಸಿ, ಕೊನೆಗೆ ತೆಳುವಾಗಿ ಎಣ್ಣೆ ಹಚ್ಚಬೇಕು. ಗುಂಡು ಹಾರಿಸುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯಬೇಕು.

ಏರ್ ರೈಫಲ್‌ಗೆ ಇಷ್ಟು ಶ್ರಮ ಬೇಡ. ಉಣ್ಣೆಯ ಶುಚಿ ಗುಳಿಗೆ ಅಥವಾ ಮೆದು ಬಟ್ಟೆ ಸಾಕು. ತೀಕ್ಷ್ಣ ದ್ರಾವಣ ಅದರ ರಬ್ಬರ್ ಬಿರಡೆಗಳನ್ನು ಹಾಳು ಮಾಡಬಹುದು.

ಮಾಡಬಾರದ್ದು ಏನು?

ಪಾದರಸ ಸುರಿದು ಸೀಸ ತೆಗೆಯುವುದು ಹಳೆಯ ಪದ್ಧತಿ. ಪಾದರಸ ಸೀಸವನ್ನು ಕರಗಿಸಿಕೊಳ್ಳುವುದು ನಿಜ, ಆದರೆ ಅದರ ಆವಿ ನರಮಂಡಲಕ್ಕೆ ವಿಷ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನಳಿಗೆಗೆ ತುಂಬುವುದು ಇನ್ನೊಂದು ಉಪಾಯ. ಇದರಿಂದ ಸೀಸ ನೀರಿನಲ್ಲಿ ಕರಗುವ ಸೀಸದ ಅಸಿಟೇಟ್ ಆಗುತ್ತದೆ. ಗೋಡೆಗೆ ಅಂಟಿದ್ದ ಲೋಹ, ದೇಹ ಸುಲಭವಾಗಿ ಹೀರಿಕೊಳ್ಳುವ ವಿಷವಾಗಿ ಬದಲಾಗುತ್ತದೆ. ಜೊತೆಗೆ ಉಕ್ಕಿನ ಮೈ ಮತ್ತು ಬಣ್ಣವೂ ಕೆಡುತ್ತವೆ.

ಬೆಂಕಿಯಲ್ಲಿ ಕಾಯಿಸುವುದೂ ಬೇಡ. ಸೀಸದ ಹೊಗೆ ಏಳುತ್ತದೆ. ಜೋಡಿ ನಳಿಗೆಗಳನ್ನು ಸೇರಿಸುವ ಪಟ್ಟಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ; ಶಾಖಕ್ಕೆ ಅದು ಬಿಡುತ್ತದೆ. ಮರಳು ಕಾಗದ, ಉಕ್ಕಿನ ನಾರು ನಳಿಗೆಗೆ ಗೀರು ಹಾಕುತ್ತವೆ. ಆ ಗೀರುಗಳಲ್ಲಿ ಮುಂದೆ ಇನ್ನಷ್ಟು ಸೀಸ ಕೂರುತ್ತದೆ. ತಾಮ್ರದ ಕವಚದ ಗುಂಡು ಹಾರಿಸಿ ಸೀಸ ಕೆರೆಸುವ ಪ್ರಯತ್ನವೂ ಅಪಾಯಕಾರಿ, ಏಕೆಂದರೆ ಕಿರಿದಾದ ನಳಿಗೆಯಲ್ಲಿ ಒತ್ತಡ ಏರುತ್ತದೆ.

ಕೈ ತೊಳೆಯದೆ ಊಟಕ್ಕೆ ಕೂರಬೇಡಿ

ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಧೂಳಾಗಿ ಉಸಿರಿನಲ್ಲಿ, ಕೈಯಿಂದ ಬಾಯಿಗೆ ಅದು ಸೇರುತ್ತದೆ. ಮೂಳೆ ಮತ್ತು ಹಲ್ಲುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಟ್ಟೆನೋವು, ಆಯಾಸ, ತಲೆನೋವು, ರಕ್ತಹೀನತೆ ವಯಸ್ಕರಲ್ಲಿ ಕಾಣಬಹುದು. ಮಕ್ಕಳಲ್ಲಿ ಮಿದುಳಿನ ಬೆಳವಣಿಗೆಗೆ ಆಗುವ ಹಾನಿ ಸರಿಹೋಗದಂಥದ್ದು. ಗರ್ಭಿಣಿಯರಿಂದ ಮಗುವಿಗೂ ದಾಟುತ್ತದೆ. ಭಾರತ 2000ರಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಲ್ಲಿಸಿದ್ದು, 2016ರ ನಿಯಮದಲ್ಲಿ ಮನೆಯ ಬಣ್ಣಗಳಿಗೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ಹಾಕಿದ್ದು ಇದೇ ಕಾರಣಕ್ಕೆ.

ಆದ್ದರಿಂದ ಕೋವಿ ಶುಚಿ ಮಾಡುವ ಜಾಗ ಅಡುಗೆಮನೆಯಾಗಲಿ ಊಟದ ಮೇಜಾಗಲಿ ಆಗಬಾರದು. ಗಾಳಿಯಾಡುವ ಜಗಲಿಯಲ್ಲಿ, ಹಳೆಯ ಪತ್ರಿಕೆ ಹಾಸಿ, ಕೈಗವಸು ಹಾಕಿ ಮಾಡಬೇಕು. ಮಕ್ಕಳು, ಗರ್ಭಿಣಿಯರು ದೂರವಿರಲಿ. ಕೆಲಸದ ನಡುವೆ ಎಲೆಅಡಿಕೆ, ಬೀಡಿ, ಕಾಫಿ ಬೇಡ. ಮುಗಿದ ನಂತರ ಸೋಪು ಹಚ್ಚಿ ಕೈ, ಮುಖ ತೊಳೆದು, ಬಟ್ಟೆ ಬದಲಿಸಿಯೇ ಊಟಕ್ಕೆ ಕೂರಬೇಕು. ಸೀಸ ಹತ್ತಿದ ಬಟ್ಟೆ ಚೂರುಗಳನ್ನು ಒಲೆಗೆ ಹಾಕಬಾರದು, ತೋಟಕ್ಕೋ ತೋಡಿಗೋ ಎಸೆಯಬಾರದು. ಬಿಗಿಯಾದ ಚೀಲದಲ್ಲಿ ಕಟ್ಟಿ ಅಪಾಯಕಾರಿ ತ್ಯಾಜ್ಯವಾಗಿ ಪ್ರತ್ಯೇಕಿಸಬೇಕು. ನಿರಂತರವಾಗಿ ಗುಂಡು ಹಾರಿಸುವವರು ವೈದ್ಯರ ಸಲಹೆಯಂತೆ ರಕ್ತದಲ್ಲಿನ ಸೀಸದ ಪ್ರಮಾಣ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಸೀಸವನ್ನೇ ಬಿಟ್ಟರೆ?

ನೀರುಹಕ್ಕಿಗಳು ಚರೆ ನುಂಗಿ ಸಾಯುತ್ತಿದ್ದುದರಿಂದ ಅಮೆರಿಕ 1991ರಲ್ಲಿ ಅವುಗಳ ಬೇಟೆಗೆ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಿತು. ಬದಲಿಗೆ ಉಕ್ಕು, ಬಿಸ್ಮತ್ ಚರೆಗಳು ಬಂದವು. ಆದರೆ ಉಕ್ಕಿನ ಚರೆ ಗಟ್ಟಿ. ಬಿಗಿಯಾದ ಚೋಕ್ ಇರುವ ಹಳೆಯ ನಳಿಗೆಗಳನ್ನು ಅದು ಹಾಳುಮಾಡಬಲ್ಲದು. ಮುತ್ತಜ್ಜನ ಕೋವಿಗೆ ಅದನ್ನು ಹಾಕುವ ಮೊದಲು ದುರಸ್ತಿಗಾರರನ್ನು ಕೇಳಲೇಬೇಕು.

ಕೊಡಗಿನಲ್ಲಿ ಮಗು ಹುಟ್ಟಿದಾಗ ಒಂದು ಗುಂಡು, ಹಿರಿಯರು ತೀರಿಕೊಂಡಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ ಇತ್ತು. ಹಾಗೆ ಸದ್ದು ಮಾಡಿದ ಕೋವಿಗಳೇ ಇಂದಿಗೂ ಪೂಜೆಯ ಕೋಣೆಯಲ್ಲಿವೆ. ವರ್ಷಕ್ಕೊಮ್ಮೆ ಅವುಗಳ ಮೈ ಹೊಳೆಯುವಂತೆ ಒರೆಸುವಾಗ ಒಳಗೋಡೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು, ನಂತರ ಸೋಪು ಹಚ್ಚಿ ಕೈ ತೊಳೆಯುವುದು, ಇವೆರಡೂ ಹಬ್ಬದ ಕೆಲಸಗಳ ಪಟ್ಟಿಯಲ್ಲಿ ಸೇರಿದರೆ ಕೋವಿಗೂ ಮನೆಯವರಿಗೂ ಕ್ಷೇಮ.