ಹಗಲಲ್ಲಿ ಉರಿಯುವ ದೀಪ

2017ಕ್ಕೆ ಮುಂಚೆ ಹಗಲು ಹೊತ್ತಲ್ಲಿ ಬೈಕಿನ ಹೆಡ್‌ಲೈಟ್ ಹಾಕಿಕೊಂಡು ಮೈಸೂರಿನಿಂದ ಗುಂಡ್ಲುಪೇಟೆ ಕಡೆ ಹೊರಟರೆ, ನಂಜನಗೂಡು ಮುಟ್ಟೋದ್ರೊಳಗೆ ಏನಿಲ್ಲಾಂದ್ರೂ ಹತ್ತು ಜನ ನಿಮಗೆ ಕೈಸನ್ನೆ ಮಾಡ್ತಿದ್ದರು. ಒಂದು ಕೈ ಎತ್ತಿ, ಬೆರಳು ಮಡಚಿ ಬಿಚ್ಚಿ, ಮತ್ತೆ ಮಡಚಿ ಬಿಚ್ಚಿ. 'ಲೈಟ್ ಉರೀತಾ ಇದೆ, ಆರಿಸಿ' ಅಂತ ಅರ್ಥ. ಬಸ್ ಡ್ರೈವರ್, ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್ ಸವಾರ, ಸ್ಟಾಪಿನಲ್ಲಿ ನಿಂತ ಅಜ್ಜ, ಯಾರಿಗೂ ನಿಮ್ಮ ಪರಿಚಯ ಇಲ್ಲ. ಆದರೂ ಎಲ್ಲರಿಗೂ ನಿಮ್ಮ ಬ್ಯಾಟರಿಯ ಚಿಂತೆ.

ಈ ಸನ್ನೆ ಈಗ ಹೆಚ್ಚುಕಡಿಮೆ ಮರೆಯಾಗಿದೆ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹೊತ್ತಿಕೊಂಡು, ಎಂಜಿನ್ ನಿಲ್ಲುವವರೆಗೂ ಉರಿಯಬೇಕು ಅನ್ನೋ ನಿಯಮ ಬಂತು. ಆರಿಸೋಕೆ ಸ್ವಿಚ್ಚೇ ಇಲ್ಲ. ಅದೇ ದಿನದಿಂದ ಬಿಎಸ್-3 ವಾಹನಗಳನ್ನು ಮಾರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಮಾರ್ಚ್ 29ರಂದು ಹೇಳಿದ್ದು, ಮುಂದಿನ ಎರಡು ದಿನ ಶೋರೂಮುಗಳ ಮುಂದೆ ರಿಯಾಯಿತಿಗಾಗಿ ಜನ ಮುಗಿಬಿದ್ದಿದ್ದು ನಿಮಗೂ ನೆನಪಿರಬಹುದು. ಹಾಗೆ ಮನೆಗೆ ಬಂದ ಎಷ್ಟೋ ಬೈಕುಗಳಲ್ಲಿ ಹಳೇ ಸ್ವಿಚ್ ಹಾಗೇ ಇತ್ತು. ಅವುಗಳಲ್ಲಿ ಹಲವು ಇವತ್ತಿಗೂ ಹಗಲಲ್ಲಿ ದೀಪ ಆರಿಸಿಕೊಂಡೇ ಓಡ್ತಿವೆ.

ನನಗೆ ಕುತೂಹಲ ಇರೋದು ಬೇರೆ ವಿಷಯದ ಬಗ್ಗೆ. ಗಾಡಿಗೆ ದೀಪ ಯಾಕೆ ಬೇಕು ಅನ್ನೋದು ನಮ್ಮ ಹಿರೀಕರಿಗೆ ಚೆನ್ನಾಗಿ ಗೊತ್ತಿತ್ತು. ನಡುವೆ ಎಲ್ಲೋ ನಾವು ಅದನ್ನು ಮರೆತುಬಿಟ್ಟೆವು.

ಹಳೇ ಮೈಸೂರು ಸೀಮೆಯಲ್ಲಿ ರಾತ್ರಿ ಹೊರಟ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಒಂದು ಲಾಂದ್ರ ತೂಗಾಡ್ತಿತ್ತು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗೋ ದಾರಿ ಎತ್ತುಗಳಿಗೇ ಬಾಯಿಪಾಠ. ಗಾಡಿ ಹೊಡೆಯೋನು ಎಷ್ಟೋ ಸಲ ಒಳಗೆ ನಿದ್ದೆ ಹೊಡೀತಿದ್ದ. ಆ ಮಂಕು ಬೆಳಕಲ್ಲಿ ಮುಂದಿನ ಹಳ್ಳ ಕಾಣೋದೂ ಕಷ್ಟ. ಲಾಂದ್ರ ಇದ್ದದ್ದು ಎದುರಿಗೆ ಬರೋರಿಗೆ, ಹಿಂದಿನಿಂದ ಬರೋ ಲಾರಿಗೆ. ಸೈಕಲ್ಲಿಗೂ ಇದೇ ನ್ಯಾಯ. ಸೀಮೆಎಣ್ಣೆ ದೀಪವೋ ಡೈನಮೋನೋ ಇಲ್ಲದೆ ಕತ್ತಲಲ್ಲಿ ಹೊರಟವನನ್ನು ಪೊಲೀಸರು ಹಿಡಿದು ದಂಡ ಹಾಕ್ತಿದ್ದ ಕಥೆ ನಮ್ಮ ಅಪ್ಪಂದಿರ ತಲೆಮಾರಿನ ಎಲ್ಲರ ಹತ್ತಿರವೂ ಇದೆ.

ಆಮೇಲೆ ಮೋಟಾರ್‌ಸೈಕಲ್ ಬಂತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಆಗ ಮೈಸೂರು ಜಿಲ್ಲೆಯ ಊರುಗಳೇ; ಹೊಸ ಜಿಲ್ಲೆ ಆಗಿದ್ದು 1997ರಲ್ಲಿ, ಕಾರ್ಖಾನೆಯ ಬಾಗಿಲು ಮುಚ್ಚಿದ ಮರುವರ್ಷ. ಜಾವಾ, ಯೆಜ್ಡಿಗಳಲ್ಲಿ ಬಹುಕಾಲ ಇದ್ದದ್ದು 6 ವೋಲ್ಟಿನ ವ್ಯವಸ್ಥೆ. ಎಂಜಿನ್ ನಿಧಾನವಾದರೆ ದೀಪ ಮಂಕಾಗ್ತಿತ್ತು, ಬ್ಯಾಟರಿ ಇಳೀತಿತ್ತು. ಅಂಥ ಗಾಡಿಯಲ್ಲಿ ಹಗಲು ದೀಪ ಉರಿಸೋದು ದುಂದು. ಕೈಸನ್ನೆಯ ಸೌಜನ್ಯ ಹುಟ್ಟಿದ್ದು ಇಂಥ ಬಡ ಬ್ಯಾಟರಿಗಳ ಕಾಲದಲ್ಲೇ ಅಂತ ನನ್ನ ಊಹೆ. ಹೆಡ್‌ಲೈಟ್ ಅಂದರೆ ನಾವು ರಸ್ತೆ ನೋಡೋಕೆ ಇರೋ ಸಾಮಾನು, ಸೂರ್ಯ ಇದ್ದಾಗ ಅದು ಬೇಡ ಅನ್ನೋ ಲೆಕ್ಕ ಆಗ ಗಟ್ಟಿಯಾಯ್ತು. ಮುಂದೆ 12 ವೋಲ್ಟಿನ ಬೈಕುಗಳು ಬಂದು ಬ್ಯಾಟರಿ ಬಡತನ ತೀರಿದರೂ ಲೆಕ್ಕ ಬದಲಾಗಲಿಲ್ಲ.

ಹೊರಗಿನ ಪ್ರಪಂಚದಲ್ಲಿ ಅದು ಬದಲಾಗೋಕೆ ಶುರುವಾಗಿತ್ತು. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನೋ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಇನ್ನೊಂದು ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಆದದ್ದು ಆ ಇನ್ನೊಂದು ವಾಹನದವರು ಬೈಕಿಗೆ ದಾರಿ ಬಿಡದೆ ನುಗ್ಗಿದ್ದರಿಂದ. ಅವರಿಗೆ ಬೈಕು ಕಂಡೇ ಇರಲಿಲ್ಲ, ಅಥವಾ ಕಂಡಿದ್ದು ತೀರಾ ತಡವಾಗಿ. ನಮ್ಮ ಹಾಗೇ ಉರಿಬಿಸಿಲು, ಸಣ್ಣ ಬೈಕುಗಳಿರೋ ಮಲೇಷ್ಯಾ 1992ರಲ್ಲಿ ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ ಮಾಡಿತು. ಬೈಕು ಕಾಣದೇ ಆಗುವಂಥ ಅಪಘಾತಗಳು ಸುಮಾರು 29% ಇಳಿದವು ಅಂತ ಅಲ್ಲಿನ ಅಧ್ಯಯನ ಹೇಳಿತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಮಿಂಚುವ ಅಥವಾ ಬೆಳಕು ಪ್ರತಿಫಲಿಸುವ ಬಟ್ಟೆ ತೊಟ್ಟವರು ಅಪಘಾತದಲ್ಲಿ ಗಾಯಗೊಳ್ಳುವ ಸಾಧ್ಯತೆ 37% ಕಡಿಮೆ. ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ಟಿನವರಿಗೆ 24% ಕಡಿಮೆ. ನಮ್ಮ ಅಂಗಡಿಗಳಲ್ಲಿ ಹೆಚ್ಚು ಓಡೋದು ಮಾತ್ರ ಮ್ಯಾಟ್ ಬ್ಲ್ಯಾಕ್!

ಅಷ್ಟು ದೊಡ್ಡ ಬೈಕು ಕಾಣೋದಿಲ್ಲ ಅಂದ್ರೆ ಹೇಗೆ? ಎದುರಿನಿಂದ ನೋಡಿದರೆ ಬೈಕಿನ ಅಗಲ ಕಾರಿನ ಮೂರನೇ ಒಂದು ಭಾಗದಷ್ಟು. ಕಾರಿನ ಮುಂಗಾಜಿನ ಪಕ್ಕದ ಕಂಬದ ಹಿಂದೆ ಅದು ಪೂರ್ತಿ ಅಡಗಬಲ್ಲದು. ಇನ್ನೊಂದು ತೊಂದರೆ ಕಣ್ಣಿನ ಲೆಕ್ಕದ್ದು. ಸಣ್ಣ ವಸ್ತು ದೂರ ಇದೆ, ಬರೋಕೆ ಇನ್ನೂ ಹೊತ್ತು ಬೇಕು ಅಂತ ಮನಸ್ಸು ತಾನೇ ತೀರ್ಮಾನಿಸುತ್ತೆ. ಬೇಗೂರಿನಲ್ಲೋ ತೆರಕಣಾಂಬಿಯಲ್ಲೋ ಅಡ್ಡರಸ್ತೆಯಿಂದ ಹೆದ್ದಾರಿಗೆ ತಿರುಗೋ ಡ್ರೈವರ್ ಹುಡುಕೋದು ಬಸ್ಸನ್ನು, ಲಾರಿಯನ್ನು. ಬೈಕು ಅವನ ಕಣ್ಣಿಗೆ ಬಿದ್ದರೂ ಗಮನಕ್ಕೆ ಬರಲ್ಲ. ಹಗಲಲ್ಲಿ ಉರಿಯೋ ದೀಪ ಆ ಗಮನವನ್ನು ಎಳೆಯುತ್ತೆ.

ಬಣ್ಣದ ವಿಷಯದಲ್ಲಿ ಗುಂಡ್ಲುಪೇಟೆಯೇ ಒಳ್ಳೇ ಪಾಠ. ಜುಲೈ–ಆಗಸ್ಟಿನಲ್ಲಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವು. ಆ ಹಳದಿಯ ಮುಂದೆ ಹಳದಿ ಜಾಕೆಟ್ ಎಷ್ಟು ಎದ್ದು ಕಾಣೀತು? ಇಸ್ರೇಲಿನ ಸಂಶೋಧಕರು 2012ರಲ್ಲಿ ತೋರಿಸಿದ್ದೂ ಇದನ್ನೇ: ನಗರದ ಗಿಜಿಬಿಜಿಯಲ್ಲಿ ಬಿಳಿ, ಪ್ರತಿಫಲಿಸುವ ಬಟ್ಟೆ ಎದ್ದು ಕಾಣುತ್ತೆ, ಊರಾಚೆ, ಹಿನ್ನೆಲೆಯಲ್ಲಿ ಬೆಳಗುವ ಆಕಾಶ ಮಾತ್ರ ಇದ್ದಾಗ ಕಪ್ಪೇ ವಾಸಿ. ಮುಖ್ಯವಾದದ್ದು ಹಿನ್ನೆಲೆಗೂ ನಮಗೂ ಇರೋ ವ್ಯತ್ಯಾಸ. ಇನ್ನೊಂದು ಮಾತು. ನಿಯಾನ್ ಬಣ್ಣ ಕೆಲಸ ಮಾಡೋದು ಹಗಲಲ್ಲಿ. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ವಾಪಸ್ ಕೊಡುತ್ತೆ. ಕತ್ತಲಾದ ಮೇಲೆ ಅದು ಬರೀ ಬಟ್ಟೆ. ಆಗ ಬೇಕಾಗೋದು ಹಿಂದಿನ ವಾಹನದ ಬೆಳಕನ್ನು ಅದೇ ದಿಕ್ಕಿಗೆ ತಿರುಗಿಸಿ ಕಳಿಸೋ ರಿಫ್ಲೆಕ್ಟರ್ ಪಟ್ಟಿ.

ಬೆಳಕು ಹೆಚ್ಚಾದಷ್ಟೂ ಒಳ್ಳೇದು ಅನ್ನೋದಕ್ಕೂ ಈ ತಾಲ್ಲೂಕಿನಲ್ಲಿ ಒಂದು ಉತ್ತರ ಇದೆ. ಇಲ್ಲಿಂದ ಬಂಡೀಪುರ ಕಾಡಿನ ಮೂಲಕ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಬಂದದ್ದು 2009ರಲ್ಲಿ. ಜಿಲ್ಲಾಡಳಿತದ ಆದೇಶ ಒಮ್ಮೆ ವಾಪಸ್ಸಾಗಿ, ಹೈಕೋರ್ಟಿನಿಂದ ಮತ್ತೆ ಜಾರಿಯಾಯ್ತು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ದವು. ಹೆಡ್‌ಲೈಟ್ ಕಣ್ಣಿಗೆ ಹೊಡೆದರೆ ಜಿಂಕೆ ಓಡೋ ಬದಲು ನಿಂತುಬಿಡುತ್ತೆ. ಮನುಷ್ಯನ ಕಣ್ಣಿಗೂ ಅದೇ ಗತಿ. ಬೈಕಿಗೆ ಹೆಚ್ಚುವರಿ ಎಲ್‌ಇಡಿ ಕಟ್ಟಿಸಿ, ಹೈ ಬೀಮಿನಲ್ಲೇ ಬರೋರು ಎದುರಿನವನ ಕಣ್ಣು ಕತ್ತಲಾಗಿಸ್ತಾರೆ. ಸಂಜೆ ಏಳರ ಮೇಲೆ, ಗೇಟ್ ಹಾಕೋದ್ರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಬೇಕು ಅಂತ ಎಲ್ಲರೂ ಓಡೋ ಹೊತ್ತಲ್ಲಿ ಇದು ಇನ್ನೂ ಅಪಾಯ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 44.5% ದ್ವಿಚಕ್ರ ವಾಹನದವರು. ದೀಪದ ನಿಯಮ ಬಂದು ಐದು ವರ್ಷ ಆದಮೇಲಿನ ಲೆಕ್ಕ ಇದು. ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಲಾಂದ್ರದ ಕಾಲದಿಂದಲೂ ಕಾಣಿಸಿಕೊಳ್ಳೋ ಹೊಣೆ ಸಣ್ಣವನದ್ದೇ. ದೊಡ್ಡ ಗಾಡಿಯವನು ನೋಡಬೇಕು ಅಂತ ಹೇಳೋ ದನಿ ಯಾವಾಗಲೂ ಸಣ್ಣದು. ಚಾಮರಾಜನಗರದ ಕರಿಕಲ್ಲು ಸಾಗಿಸೋ ಲಾರಿಯ ಮೂತಿಯ ಕೆಳಗೆ, ಎಡಪಕ್ಕದಲ್ಲಿ ಡ್ರೈವರ್‌ಗೆ ಕಾಣದ ಜಾಗ ಇರುತ್ತೆ. ಅಲ್ಲಿ ಸಿಕ್ಕಿಕೊಂಡ ಬೈಕಿನ ದೀಪ ಎಷ್ಟು ಉರಿದರೂ ಪ್ರಯೋಜನ ಇಲ್ಲ.

ವೀಕೆಂಡಿಗೆ ಬೆಂಗಳೂರಿನಿಂದ ಇತ್ತ ಬರೋ ನಮ್ಮಂಥವರ ಹತ್ತಿರ ಜಾಕೆಟ್ ಇದೆ, ಹೊಸ ಬೈಕಿದೆ. ಸಂಜೆ ಹೊಲದಿಂದ ಹಳೇ ಮೊಪೆಡ್ಡಿನಲ್ಲಿ ಮನೆಗೆ ಹೋಗೋ ರೈತನ ಬೆನ್ನಹಿಂದೆ ಹುಲ್ಲಿನ ಹೊರೆ ಇರುತ್ತೆ. ಟೈಲ್‌ಲೈಟು, ಕೆಂಪು ರಿಫ್ಲೆಕ್ಟರ್ ಎರಡೂ ಅದರಡಿ ಮುಚ್ಚಿಹೋಗಿರುತ್ತವೆ. ಅವನ ಮೊಪೆಡ್ಡಿಗೆ 2017ರ ನಿಯಮ ಅನ್ವಯಿಸಲ್ಲ. ಮುಂದಿನ ಸಲ ನೀವು ಈ ದಾರಿಯಲ್ಲಿ ಕಾರಲ್ಲಿ ಬಂದಾಗ, ಬೇಗೂರು ದಾಟಿದ ಮೇಲೆ ಸ್ವಲ್ಪ ವೇಗ ಇಳಿಸಿ. ಓವರ್‌ಟೇಕ್ ಮಾಡೋ ಮುಂಚೆ, ತಿರುಗೋ ಮುಂಚೆ, ಇನ್ನೊಂದು ಸಲ ನೋಡಿ.