ಪರಮಪ್ರಸಾದವೂ ಪಂಕ್ತಿಯೂ: ಕಥೋಲಿಕ ಧರ್ಮಸಭೆಯ ಒಂದು ತತ್ತ್ವದ ಇತಿಹಾಸ

ತುಂಗಭದ್ರೆಯ ದಡದಲ್ಲಿರುವ ಹರಿಹರವು ನಾಡಿಗೆಲ್ಲ ಪರಿಚಿತವಾಗಿರುವುದು ಹರಿಹರೇಶ್ವರನ ದೇವಾಲಯದಿಂದ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥನು ಕಟ್ಟಿಸಿದ ಆ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನೆಲೆಗೊಂಡಿದ್ದಾರೆ. ಇದೇ ಊರಿನಲ್ಲಿ ಆರೋಗ್ಯಮಾತೆಯ ಹೆಸರಿನ ಕಥೋಲಿಕ ದೇವಾಲಯವೂ ಒಂದಿದೆ. ಪ್ರತಿವರ್ಷ ಸೆಪ್ಟೆಂಬರ್ 8ರಂದು ಅಲ್ಲಿ ನಡೆಯುವ ಉತ್ಸವಕ್ಕೆ ಹರಿಹರ, ದಾವಣಗೆರೆಗಳಿಂದ ಮಾತ್ರವಲ್ಲದೆ ದೂರದ ಊರುಗಳಿಂದಲೂ ಜನ ಬರುತ್ತಾರೆ. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಈ ದೇವಾಲಯಕ್ಕೆ ಕಿರಿಯ ಬಸಿಲಿಕವೆಂಬ ಗೌರವ ದೊರೆಯಿತು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಇದು ಸೇರಿದೆ.

ಉತ್ಸವಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹುಮಂದಿ. ಮೇಣದ ಬತ್ತಿ ಹಚ್ಚುವುದಕ್ಕಾಗಲಿ, ಹರಕೆ ಸಲ್ಲಿಸುವುದಕ್ಕಾಗಲಿ, ಮಾತೆಯ ಮುಂದೆ ಕೈಮುಗಿದು ನಿಲ್ಲುವುದಕ್ಕಾಗಲಿ ಯಾರಿಗೂ ಅಡ್ಡಿಯಿಲ್ಲ. ಆದರೆ ಬಲಿಪೂಜೆಯ ಕೊನೆಯ ಭಾಗದಲ್ಲಿ ಭಕ್ತರು ಸಾಲಾಗಿ ಹೋಗಿ ಗುರುವಿನ ಕೈಯಿಂದ ಗೋಧಿಯ ತೆಳುವಾದ ಬಿಳಿಯ ಬಿಲ್ಲೆಯೊಂದನ್ನು ಸ್ವೀಕರಿಸುವಾಗ ಮಾತ್ರ ಒಂದು ಗೆರೆ ಎದ್ದು ಕಾಣುತ್ತದೆ. ಅದು ದೀಕ್ಷಾಸ್ನಾನ ಪಡೆದು ಆ ಧರ್ಮಸಭೆಯೊಡನೆ ಐಕ್ಯದಲ್ಲಿರುವವರಿಗೆ ಮಾತ್ರ ಸಲ್ಲತಕ್ಕದ್ದು. ಕನ್ನಡದ ಕಥೋಲಿಕರು ಅದನ್ನು ಕರೆಯುವ ಹೆಸರು ಪರಮಪ್ರಸಾದ. ಪ್ರಸಾದವೆಂದರೆ ಕೈಯೊಡ್ಡಿದವರಿಗೆಲ್ಲ ದೊರೆಯತಕ್ಕದ್ದೆಂದು ಬಗೆಯುವ ನಾಡಿನಲ್ಲಿ ಈ ನಿಯಮ ವಿಚಿತ್ರವಾಗಿ ತೋರುವುದು ಸಹಜ. ಎಲ್ಲರನ್ನೂ ಬರಮಾಡಿಕೊಳ್ಳುವ ದೇವಾಲಯ ಈ ಒಂದು ತುತ್ತಿನಲ್ಲಿ ಮಾತ್ರ ಏಕೆ ಬಿಗಿಯಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವು ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿದೆ.

ಮೊದಲು ಪದಗಳ ವಿಚಾರ. ಗುರು, ದೀಕ್ಷೆ, ಪ್ರಸಾದ, ಜಗದ್ಗುರು ಎಂಬ ಮಾತುಗಳು ವೀರಶೈವ ಸಾಹಿತ್ಯವನ್ನು ಓದಿದವರಿಗೆ ಚಿರಪರಿಚಿತ. ಇವೇ ಮಾತುಗಳು ಕನ್ನಡ ಕಥೋಲಿಕರ ಪೂಜಾಭಾಷೆಯಲ್ಲಿಯೂ ಬಳಕೆಯಲ್ಲಿವೆ. ಪದ ಒಂದೇ ಆದರೂ ಅರ್ಥ ಒಂದೇ ಅಲ್ಲ. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವು ಗುರು, ಲಿಂಗ, ಜಂಗಮರಿಗೆ ಅರ್ಪಿತವಾಗಿ ಭಕ್ತನಿಗೆ ಮರಳಿಬಂದ ಪದಾರ್ಥ. ಅರ್ಪಣೆಯಿಂದ ಪದಾರ್ಥವು ಪ್ರಸಾದವಾಗುತ್ತದೆ. ಪರಮಪ್ರಸಾದದ ಮೂಲವಾದ ಗ್ರೀಕ್ ಪದ ಯೂಕರಿಸ್ತಿಯ; ಅದಕ್ಕೆ ಕೃತಜ್ಞತಾಸ್ತುತಿ ಎಂದರ್ಥ. ಅದರ ಜೊತೆಗೆ ನಿಲ್ಲುವ ಇನ್ನೊಂದು ಪದ ಕೊಯ್ನೊನಿಯ; ಪಾಲುಗೊಳ್ಳುವಿಕೆ, ಸಹಭಾಗಿತ್ವ ಎಂಬುದು ಅದರ ಅರ್ಥ. ಕ್ರಿಸ್ತನ ಬಲಿಯ ಸ್ಮರಣೆ, ಆತನ ಸಾನ್ನಿಧ್ಯ, ಉಂಡವರೆಲ್ಲರ ಐಕ್ಯ ಎಂಬ ಮೂರು ಅಂಶಗಳು ಈ ಸಂಸ್ಕಾರದಲ್ಲಿ ಹೆಣೆದುಕೊಂಡಿವೆ. ಇವುಗಳಲ್ಲಿ ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಮಾತ್ರ ನೋಡಿದರೆ ಹರಿಹರದ ಆ ಗೆರೆ ಅರ್ಥವಾಗುವುದಿಲ್ಲ.

ಕ್ರಿಸ್ತನು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು ತನ್ನ ಶರೀರವೆಂದೂ, ದ್ರಾಕ್ಷಾರಸದ ಪಾತ್ರೆಯನ್ನು ತನ್ನ ರಕ್ತವೆಂದೂ ಹೇಳಿ ಹಂಚಿದನೆಂಬುದು ಈ ಸಂಸ್ಕಾರದ ಮೂಲ. ಇದರ ಅತಿ ಪ್ರಾಚೀನ ಲಿಖಿತ ಉಲ್ಲೇಖ ದೊರೆಯುವುದು ಪ್ರೇಷಿತ ಪೌಲನು ಕ್ರಿ.ಶ. 55ರ ಸುಮಾರಿಗೆ ಕೊರಿಂಥ ಪಟ್ಟಣದ ಸಭೆಗೆ ಬರೆದ ಪತ್ರದಲ್ಲಿ. ಆ ಉಲ್ಲೇಖ ಹುಟ್ಟಿದ್ದು ಒಂದು ಪಂಕ್ತಿಯ ಜಗಳದಿಂದ ಎಂಬುದು ಗಮನಾರ್ಹ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ತಮ್ಮ ತಮ್ಮ ಊಟವನ್ನು ಮುಗಿಸಿ ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲನು ಇದನ್ನು ಕಟುವಾಗಿ ಖಂಡಿಸಿದನು. ಹೀಗೆ ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲವೆಂದೂ, ರೊಟ್ಟಿ ಒಂದೇ ಆದುದರಿಂದ ಅದರಲ್ಲಿ ಪಾಲುಗೊಂಡ ಅನೇಕರು ಒಂದೇ ಶರೀರವಾಗುತ್ತಾರೆಂದೂ ಬೋಧಿಸಿದನು. ಸಹೋದರನನ್ನು ಹಸಿವಿನಲ್ಲಿಟ್ಟು ಆ ರೊಟ್ಟಿಯನ್ನು ತಿನ್ನುವುದು ಆತನ ದೃಷ್ಟಿಯಲ್ಲಿ ಶಿಷ್ಟಾಚಾರದ ಲೋಪವಲ್ಲ. ಸಂಸ್ಕಾರಕ್ಕೇ ಎಸಗಿದ ಅಪಚಾರ.

ಎರಡನೆಯ ಶತಮಾನದ ಆದಿಯಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಇಗ್ನೇಷಿಯಸನು ಒಂದೇ ಬಲಿಪೀಠ, ಒಬ್ಬನೇ ಧರ್ಮಾಧ್ಯಕ್ಷ, ಒಂದೇ ಸಭೆ ಎಂಬ ಸೂತ್ರವನ್ನು ತನ್ನ ಪತ್ರಗಳಲ್ಲಿ ಒತ್ತಿಹೇಳಿದನು. 155ರ ಸುಮಾರಿನಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ತತ್ತ್ವಜ್ಞನು ಚಕ್ರವರ್ತಿಗೆ ಸಲ್ಲಿಸಿದ ಸಮರ್ಥನಗ್ರಂಥದಲ್ಲಿ ಭಾನುವಾರದ ಆರಾಧನೆಯನ್ನು ವರ್ಣಿಸಿದ್ದಾನೆ. ಗ್ರಂಥಪಠನ, ಉಪದೇಶ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸಗಳ ಮೇಲಿನ ಕೃತಜ್ಞತಾಸ್ತುತಿ, ಹಂಚಿಕೆ — ಇದು ಕ್ರಮ. ಬರಲಾಗದವರ ಮನೆಗೆ ಸೇವಕರು ಪಾಲನ್ನು ಒಯ್ಯುತ್ತಿದ್ದರು. ಉಳ್ಳವರು ಕೊಟ್ಟ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರು ಪೋಷಣೆ ಪಡೆಯುತ್ತಿದ್ದರು. ನಂಬಿ, ದೀಕ್ಷಾಸ್ನಾನ ಹೊಂದಿ, ಬೋಧಿತವಾದ ರೀತಿಯಲ್ಲಿ ಬದುಕುವವರಲ್ಲದೆ ಬೇರೆಯವರು ಇದರಲ್ಲಿ ಪಾಲುಗೊಳ್ಳಲಾಗದೆಂದೂ ಜಸ್ಟಿನನೇ ಹೇಳುತ್ತಾನೆ. ಹರಿಹರದಲ್ಲಿ ಇಂದು ಕಾಣುವ ನಿಯಮ ಅಷ್ಟು ಹಳೆಯದು. ಜೊತೆಗೆ ಅದು ಒಂಟಿಯಾಗಿ ಬಂದ ನಿಯಮವೂ ಅಲ್ಲ. ಹಸಿದವನ ಹೊಣೆಯೊಂದಿಗೆ ಒಂದೇ ಪುಟದಲ್ಲಿ ಬಂದದ್ದು.

ನಾಲ್ಕನೆಯ ಶತಮಾನದ ಕೊನೆ ಮತ್ತು ಐದನೆಯ ಶತಮಾನದ ಆದಿಯಲ್ಲಿ ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದಲ್ಲಿ ಧರ್ಮಾಧ್ಯಕ್ಷನಾಗಿದ್ದ ಅಗಸ್ಟೀನನು ಈ ತತ್ತ್ವಕ್ಕೆ ಅತ್ಯಂತ ಸ್ಪಷ್ಟವಾದ ರೂಪ ಕೊಟ್ಟನು. ಹೊಸದಾಗಿ ದೀಕ್ಷೆ ಪಡೆದವರಿಗೆ ಆತ ತಿಳಿಸಿದ್ದು ಇಷ್ಟು: ಅನೇಕ ಕಾಳುಗಳು ಬೀಸಲ್ಪಟ್ಟು, ನೀರಿನಲ್ಲಿ ಕಲಸಲ್ಪಟ್ಟು, ಬೆಂಕಿಯಲ್ಲಿ ಬೆಂದು ಒಂದು ರೊಟ್ಟಿಯಾಗುವಂತೆ ನೀವೂ ಒಂದಾಗಿದ್ದೀರಿ, ಆದುದರಿಂದ ಪೀಠದ ಮೇಲಿರುವುದು ನಿಮ್ಮದೇ ರಹಸ್ಯ. ಸ್ವೀಕರಿಸುವಾತ ಹೇಳುವ ಆಮೆನ್ ಎಂಬ ಮಾತು ಕ್ರಿಸ್ತನ ಸಾನ್ನಿಧ್ಯಕ್ಕೆ ಕೊಟ್ಟ ಒಪ್ಪಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತವನು ತನ್ನದೇ ಶರೀರದ ಅಂಗವೆಂಬುದಕ್ಕೂ ಕೊಟ್ಟ ಒಪ್ಪಿಗೆ.

ಮಧ್ಯಯುಗದಲ್ಲಿ ಒತ್ತು ಬೇರೆಡೆಗೆ ಸರಿಯಿತು. ಸಾನ್ನಿಧ್ಯವು ನಿಜವೋ ಕೇವಲ ಸಂಕೇತವೋ ಎಂದು ಹನ್ನೊಂದನೆಯ ಶತಮಾನದಲ್ಲಿ ಬೆರೆಂಗರನು ಎತ್ತಿದ ವಾದದ ಫಲವಾಗಿ ಪಂಡಿತರ ಗಮನವೆಲ್ಲ ರೊಟ್ಟಿಗೆ ಏನಾಗುತ್ತದೆ ಎಂಬುದರ ಕಡೆಗೆ ತಿರುಗಿತು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯು ರೂಪ, ರುಚಿಗಳು ಹಾಗೆಯೇ ಉಳಿದು ಮೂಲದ್ರವ್ಯವೇ ಮಾರ್ಪಡುತ್ತದೆ ಎಂಬ ಅರ್ಥದ ಪದವನ್ನು ಬಳಸಿತು. ವರ್ಷಕ್ಕೊಮ್ಮೆಯಾದರೂ ಪರಮಪ್ರಸಾದ ಸ್ವೀಕರಿಸಬೇಕೆಂದು ಅದೇ ಸಭೆ ವಿಧಿಸಬೇಕಾಗಿ ಬಂದದ್ದನ್ನು ನೋಡಿದರೆ ಜನ ಎಷ್ಟು ವಿರಳವಾಗಿ ಸ್ವೀಕರಿಸುತ್ತಿದ್ದರೆಂಬುದು ಊಹೆಗೆ ನಿಲುಕುತ್ತದೆ. 1264ರಲ್ಲಿ ಪೋಪ್ ನಾಲ್ಕನೆಯ ಅರ್ಬನ್ನರು ಪರಮಪ್ರಸಾದದ ಮಹೋತ್ಸವವನ್ನು ಸಮಗ್ರ ಧರ್ಮಸಭೆಗೆ ಗೊತ್ತುಪಡಿಸಿದರು. ಉಣ್ಣುವುದಕ್ಕಿಂತ ದರ್ಶನಕ್ಕೆ ಪ್ರಾಧಾನ್ಯ ಬಂದಿತು. ಫ್ರಾನ್ಸಿನ ವಿದ್ವಾಂಸ ಆನ್ರಿ ದ ಲ್ಯುಬಾಕ್ 1944ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಪಲ್ಲಟವನ್ನು ಒಂದು ಪದದ ಚರಿತ್ರೆಯಿಂದಲೇ ತೋರಿಸಿಕೊಟ್ಟರು. ಮೊದಲು ಪರಮಪ್ರಸಾದಕ್ಕೆ ‘ರಹಸ್ಯ ಶರೀರ’ವೆಂದೂ ಜನಸಮುದಾಯಕ್ಕೆ ‘ನಿಜ ಶರೀರ’ವೆಂದೂ ಹೆಸರಿದ್ದಿತು, ಹನ್ನೆರಡನೆಯ ಶತಮಾನದ ಹೊತ್ತಿಗೆ ಈ ಹೆಸರುಗಳು ಅದಲುಬದಲಾದವು. ಪರಮಪ್ರಸಾದವೇ ಧರ್ಮಸಭೆಯನ್ನು ನಿರ್ಮಿಸುತ್ತದೆ ಎಂಬ ಹಳೆಯ ಅರಿವು ಇದರಿಂದ ಮಸುಕಾಯಿತು.

ಹದಿನಾರನೆಯ ಶತಮಾನದ ಮತಸುಧಾರಣೆಯಲ್ಲಿ ಐಕ್ಯದ ಈ ಊಟವೇ ಭೇದದ ಕಾರಣವಾಯಿತು. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಸೇರಿದ ಲೂಥರ್ ಮತ್ತು ಜ್ವಿಂಗ್ಲಿ ಈ ಒಂದು ವಿಷಯದಲ್ಲಿಯೇ ಒಪ್ಪಲಾರದೆ ಬೇರೆಯಾದರು. ಟ್ರೆಂಟ್ ಮಹಾಸಭೆಯು 1551 ಮತ್ತು 1562ರ ನಿರ್ಣಯಗಳಿಂದ ಕಥೋಲಿಕ ಸಿದ್ಧಾಂತವನ್ನು ಗಟ್ಟಿಮಾಡಿತು. ದಕ್ಷಿಣ ಭಾರತದಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪಂಥಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಗಿ ಒಂದಾಗಿ ಒಂದೇ ಮೇಜಿನ ಸುತ್ತ ನಿಂತವು. ಆದರೆ ಅವರಿಗೂ ಕಥೋಲಿಕರಿಗೂ ನಡುವೆ ಸಹಪಂಕ್ತಿ ಇಂದಿಗೂ ಸಾಮಾನ್ಯ ನಿಯಮವಾಗಿಲ್ಲ. ಆದುದರಿಂದ ಹರಿಹರದ ಗೆರೆ ಅನ್ಯಧರ್ಮೀಯರನ್ನು ಮಾತ್ರ ಕುರಿತದ್ದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ಬದಲಾಯಿತು. ಹತ್ತನೆಯ ಪಯಸ್ಸರು 1905ರಲ್ಲಿ ಪದೇಪದೇ ಸ್ವೀಕರಿಸುವುದನ್ನು ಪ್ರೋತ್ಸಾಹಿಸಿದರು. 1910ರಲ್ಲಿ ಸುಮಾರು ಏಳು ವರ್ಷದ ಮಕ್ಕಳಿಗೂ ಅವಕಾಶ ಕೊಟ್ಟರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಅಂಗೀಕರಿಸಿದ ಪೂಜಾವಿಧಿ ಶಾಸನದಿಂದ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಮರುವರ್ಷ ನವೆಂಬರ್ 21ರಂದು ಹೊರಬಂದ ಧರ್ಮಸಭೆಯನ್ನು ಕುರಿತ ಶಾಸನವು ಈ ಬಲಿಪೂಜೆಯೇ ಕ್ರೈಸ್ತ ಬಾಳಿನ ಬುಗ್ಗೆಯೂ ಶಿಖರವೂ ಎಂದು ಸಾರಿತು. ಲ್ಯಾಟಿನ್ ಮಂತ್ರಗಳ ಸ್ಥಾನದಲ್ಲಿ ಕನ್ನಡ ಕೇಳಿಸಿದ್ದು ಇದರ ಅನಂತರ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಆರತಿ ಎತ್ತುವುದು ಮೊದಲಾದ ಭಾರತೀಯ ಕ್ರಮಗಳನ್ನು ಪೂಜೆಯಲ್ಲಿ ಅಳವಡಿಸಲು ಶ್ರಮಿಸಿತು. ಇಂತಹ ಹನ್ನೆರಡು ಅಂಶಗಳಿಗೆ ರೋಮ್ 1969ರಲ್ಲಿ ಸಮ್ಮತಿಸಿತು.

ಆದರೆ ಭಾರತದಲ್ಲಿ ಈ ತತ್ತ್ವಕ್ಕೆ ಎದುರಾದ ನಿಜವಾದ ಪರೀಕ್ಷೆ ಆರತಿಯದಲ್ಲ, ಜಾತಿಯದು. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸುವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯು ಸನ್ಯಾಸಿಯ ವೇಷ ತೊಟ್ಟು, ಕನ್ನಡ ಕಲಿತು, ಕನ್ನಡದಲ್ಲಿ ಗ್ರಂಥಗಳನ್ನು ರಚಿಸಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿದನು. ಮಧುರೆ, ಮೈಸೂರು, ಕರ್ನಾಟಿಕ್ ಎಂಬ ಮೂರು ಮಿಷನ್ನುಗಳಲ್ಲಿಯೂ ಮೇಲುಜಾತಿಯವರ ಮನ ನೋಯಬಾರದೆಂಬ ಎಚ್ಚರದಿಂದ ಹೊಲೆಯರ ಮನೆಗಳಿಗೆ ಪಾದ್ರಿಗಳು ಕಾಲಿಡದ ವಾಡಿಕೆ ಬೆಳೆಯಿತು. ಸಾಯುವವನಿಗೆ ಕೊಡುವ ಕೊನೆಯ ಪರಮಪ್ರಸಾದಕ್ಕೆ ಲ್ಯಾಟಿನ್ನಿನಲ್ಲಿರುವ ಹೆಸರಿನ ಅರ್ಥ ದಾರಿಬುತ್ತಿ. ಆ ಬುತ್ತಿಯೇ ಕೇರಿಯ ಗುಡಿಸಲಿನವರೆಗೆ ಹೋಗದೆ ನಿಂತಿತು. 1703ರಲ್ಲಿ ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ಟೂರ್ನೋನ್ 1704ರಲ್ಲಿ ಇದನ್ನು ನಿಷೇಧಿಸಿ, ರೋಗಿಯು ಯಾವ ಜಾತಿಯವನಾದರೂ ಅವನ ಮನೆಗೇ ಸಂಸ್ಕಾರವನ್ನು ಒಯ್ಯಬೇಕೆಂದು ಆಜ್ಞಾಪಿಸಿದನು. ನಾಲ್ಕು ದಶಕಗಳ ವಾದವಿವಾದದ ಬಳಿಕ 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ಆ ಆಜ್ಞೆಯನ್ನು ಎತ್ತಿಹಿಡಿದರು. ಆದರೂ ಕೆಳಜಾತಿಯವರಿಗಾಗಿಯೇ ಬೇರೆ ಪಾದ್ರಿಗಳನ್ನು ನೇಮಿಸುವ ಒಂದು ಮಧ್ಯಮಮಾರ್ಗಕ್ಕೆ ಅವಕಾಶ ಉಳಿಯಿತು. ರೊಟ್ಟಿ ಒಂದೇ, ಹಂಚುವ ಕೈ ಎರಡು ಎಂಬಂತಾಯಿತು. ಪ್ರಾಟೆಸ್ಟಂಟರಲ್ಲಿಯೂ ಈ ಬೇನೆ ಇದ್ದಿತು. 1833ರಲ್ಲಿ ಕಲ್ಕತ್ತದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದವನ್ನು ಒಡನೆಯೇ ಬಿಡತಕ್ಕದ್ದೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಸೀಮೆಯಲ್ಲಿ ತೀವ್ರ ಪ್ರತಿಭಟನೆ ಎದ್ದಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಜಾತಿಭೇದವು ಕ್ರೈಸ್ತಧರ್ಮದ ನಿರಾಕರಣೆಯೇ ಸರಿ ಎಂದು 1982ರಲ್ಲಿ ಸ್ಪಷ್ಟಪಡಿಸಿತು. 2016ರಲ್ಲಿ ದಲಿತ ಕ್ರೈಸ್ತರ ಏಳಿಗೆಗಾಗಿ ಒಂದು ನೀತಿಯನ್ನೂ ಪ್ರಕಟಿಸಿತು. ಇಂತಹ ಮಾತು ಅಷ್ಟು ತಡವಾಗಿ ಬೇಕಾಯಿತೆಂಬುದೇ ರೋಗದ ಆಳಕ್ಕೆ ಸಾಕ್ಷಿ.

ಜಾತಿಯ ಜೊತೆಗೆ ಭಾಷೆಯೂ ಸೇರಿಕೊಂಡಿತು. ಲ್ಯಾಟಿನ್ ಹಿಂದೆ ಸರಿದಾಗ ಅದರ ಸ್ಥಾನಕ್ಕೆ ಯಾವ ದೇಶಭಾಷೆ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳು, ಕೊಂಕಣಿಗಳ ಸ್ಥಾನಮಾನವನ್ನು ಕುರಿತು ದಶಕಗಳ ಕಾಲ ಕಹಿ ವಿವಾದ ನಡೆಯಿತು. ನಾಡಿನ ಭಾಷೆಗೆ ಪೂಜೆಯಲ್ಲಿ ಗೌರವದ ಸ್ಥಾನ ಬೇಕೆಂಬ ಕನ್ನಡಿಗರ ಬೇಡಿಕೆ ನ್ಯಾಯವಾದದ್ದು. ತಾಯಿನುಡಿಯಲ್ಲಿ ಪ್ರಾರ್ಥಿಸಬೇಕೆಂಬ ವಲಸಿಗನ ಹಂಬಲವೂ ಮಾನವಸಹಜವಾದದ್ದು. ಜನ ಅರಿತು ಪಾಲುಗೊಳ್ಳಲೆಂದು ತಂದ ಸುಧಾರಣೆಯೇ ಬಲಿಪೀಠದ ಮುಂದೆ ಜನರನ್ನು ಬೇರ್ಪಡಿಸಿದ್ದು ಚರಿತ್ರೆಯ ವ್ಯಂಗ್ಯ. ಹತ್ತಿಯ ಗಿರಣಿಗಳ ದಾವಣಗೆರೆಗೂ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದ ಹರಿಹರಕ್ಕೂ ದುಡಿಮೆಯನ್ನರಸಿ ನಾನಾ ಕಡೆಯ ಜನ ಬಂದು ನೆಲೆಸಿದ್ದಾರೆ. ಇಂತಹ ಊರುಗಳಲ್ಲಿ ಒಂದೇ ರೊಟ್ಟಿ ಎಂಬುದು ಕೇವಲ ಶಾಸ್ತ್ರದ ಮಾತಲ್ಲ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಕೊಡಬಹುದು. ಕಥೋಲಿಕರ ಪರಮಪ್ರಸಾದವು ಅತಿಥಿಗೆ ನೀಡುವ ಉಪಚಾರವಲ್ಲ. ಒಂದು ಶರೀರಕ್ಕೆ ತನ್ನನ್ನು ಒಪ್ಪಿಸಿಕೊಳ್ಳುವ ಪ್ರತಿಜ್ಞೆ. ಪ್ರತಿಜ್ಞೆ ಮಾಡದವನ ಬಾಯಲ್ಲಿ ಆ ಮಾತನ್ನು ಇಡಲಾಗದು ಎಂಬುದೇ ನಿಯಮದ ತಿರುಳು. ಬಂದವನನ್ನು ಕೀಳೆಂದು ಬಗೆಯುವುದಲ್ಲ. ಇಷ್ಟಲಿಂಗವನ್ನು ದೀಕ್ಷೆಯಿಲ್ಲದವನ ಕೈಗೆ ಕೊಡಲಾಗದೆಂಬುದನ್ನು ಬಲ್ಲವರಿಗೆ ಇದು ಅಪರಿಚಿತವಾದ ತರ್ಕವೇನೂ ಅಲ್ಲ. ದಾಸೋಹ ಎಲ್ಲರಿಗೆ, ದೀಕ್ಷೆ ಕೇಳಿಬಂದವನಿಗೆ. ಪೋಪ್ ಎರಡನೆಯ ಜಾನ್ ಪೌಲರು 2003ರ ತಮ್ಮ ವಿಶ್ವಪತ್ರದಲ್ಲಿ ಧರ್ಮಸಭೆ ಬದುಕುವುದು ಪರಮಪ್ರಸಾದದಿಂದ ಎಂದು ಹೇಳಿ ಈ ಶಿಸ್ತನ್ನು ಸಮರ್ಥಿಸಿದರು. ಪೋಪ್ ಫ್ರಾನ್ಸಿಸರು 2013ರಲ್ಲಿ ಅದು ಪರಿಪೂರ್ಣರಿಗೆ ಸಲ್ಲುವ ಬಹುಮಾನವಲ್ಲ, ದುರ್ಬಲರಿಗೆ ಔಷಧವೂ ಆಹಾರವೂ ಆಗಿದೆ ಎಂದು ನೆನಪಿಸಿದರು.

ಆದರೆ ಹೊರಗಿನವನಿಗೆ ಗೆರೆ ಎಳೆಯುವ ಹಕ್ಕು ಸತ್ಯವಾಗುವುದು ಗೆರೆಯ ಒಳಗಿನವರು ನಿಜವಾಗಿ ಒಂದಾಗಿದ್ದರೆ ಮಾತ್ರ. ಒಳಗೆ ಕೇರಿಗೊಂದು ಸಾಲು, ನುಡಿಗೊಂದು ಜಗಳ ಉಳಿದಿದ್ದರೆ ಕೊರಿಂಥದವರಿಗೆ ಪೌಲನು ಆಡಿದ ಕಟುನುಡಿಯೇ ಅವರಿಗೂ ಅನ್ವಯಿಸುತ್ತದೆ. ಈ ತೀರ್ಪು ಒಂದು ಧರ್ಮದವರ ಮೇಲೆ ಮಾತ್ರ ಬೀಳುವಂಥದೂ ಅಲ್ಲ. ಲಿಂಗವಂತರಲ್ಲಿ ಕುಲವನ್ನರಸಬಾರದೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದರು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲಕ್ಕೆ ಹಿರಿದಾದ ಸ್ಥಾನವಿತ್ತರು. ಹಾಗಿದ್ದೂ ಒಳಪಂಗಡಗಳ ಲೆಕ್ಕಾಚಾರ ಮದುವೆ ಪಂಕ್ತಿಗಳಲ್ಲಿ ಇಂದಿಗೂ ಅಳಿದಿಲ್ಲ. ಪ್ರಸಾದವನ್ನು ಉಣ್ಣುವುದು ಸುಲಭ, ಪ್ರಸಾದಿಯಾಗುವುದು ಕಷ್ಟ. ಎರಡು ಸಾವಿರ ವರ್ಷಗಳ ಒಂದು ಊಟದ ಚರಿತ್ರೆ ಕಲಿಸುವ ಈ ಪಾಠ ತುಂಗಭದ್ರೆಯ ಎರಡೂ ದಡದವರಿಗೆ ಸಮಾನವಾಗಿ ಸಲ್ಲುತ್ತದೆ.