ಕೊಳ್ಳೇಗಾಲ ನಮ್ಮದಾದದ್ದು ಯಾವಾಗ?

ಕಳಲೆಯಿಂದ ಟಿ. ನರಸೀಪುರ ದಾಟಿ ಪೂರ್ವಕ್ಕೆ ಹೋದರೆ ಕೊಳ್ಳೇಗಾಲ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುತ್ತೇವೆ. ಆದರೆ 1956ರವರೆಗೆ ಅದು ಮದ್ರಾಸಿನ ಊರು, ಕೊಯಮತ್ತೂರು ಜಿಲ್ಲೆಯ ತಾಲೂಕು. ಜನರ ಮಾತು ಕನ್ನಡವೇ, ಸರ್ಕಾರ ಮಾತ್ರ ಬೇರೆ.

1799ರ ಮೇ 4ರಂದು ಟಿಪ್ಪು ಸುಲ್ತಾನರು ಶಹೀದರಾದ ಮೇಲೆ ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಕರಾವಳಿ, ಕೊಯಮತ್ತೂರು ಕಂಪನಿಗೆ. ಒಂದು ಪಾಲು ನಿಜಾಮರಿಗೆ. ಉಳಿದದ್ದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. (ಅದಕ್ಕೂ ಹಿಂದೆ ನಮ್ಮ ಕಳಲೆಯ ದಳವಾಯಿಗಳೇ ಅರಸರನ್ನು ಹಿಡಿತದಲ್ಲಿಟ್ಟಿದ್ದರು, ಅದು ಬೇರೆ ಕಥೆ.) 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕಸಿದುಕೊಂಡು, 1881ರಲ್ಲಿ ಒಡೆಯರಿಗೆ ಮರಳಿಸಿದರು. ಒಳಾಡಳಿತ ಅರಮನೆಯದು, ಮೇಲಧಿಕಾರ ಬ್ರಿಟಿಷರದು.

ಸುಮಾರು ಅದೇ ಕಾಲದಲ್ಲಿ ದೂರದ ಕ್ರೀಟ್ ದ್ವೀಪದ ಸ್ಥಿತಿಯೂ ಹೀಗೇ ಇತ್ತು. 1898ರಲ್ಲಿ ಅದು ಉಸ್ಮಾನಿ ಸುಲ್ತಾನರ ಹೆಸರಿನಡಿ ಸ್ವಾಯತ್ತವಾಯಿತು, 1913ರಲ್ಲಿ ಗ್ರೀಸ್ ದೇಶದಲ್ಲಿ ಒಂದಾಯಿತು. ಅಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರ ಮನೆಮಾತು ಗ್ರೀಕ್. ಆದರೂ 1923ರ ಒಪ್ಪಂದ ಜನರನ್ನು ಧರ್ಮದಿಂದ ಎಣಿಸಿತು. ಉಳಿದಿದ್ದ ಮುಸ್ಲಿಮರು ಊರು ಬಿಟ್ಟು ತುರ್ಕಿಗೆ ಹೋಗಬೇಕಾಯಿತು. ಅನೇಕರಿಗೆ ಅಲ್ಲಿನ ಭಾಷೆಯೇ ಬರುತ್ತಿರಲಿಲ್ಲ.

ನಮ್ಮ ಏಕೀಕರಣದಲ್ಲಿ ಎಣಿಕೆಗೆ ಬಂದದ್ದು ಭಾಷೆ. 1947ರ ಆಗಸ್ಟಿನಲ್ಲಿ ಮೈಸೂರು ಭಾರತವನ್ನು ಸೇರಿತು. ‘ಮೈಸೂರು ಚಲೋ’ ಚಳವಳಿಯ ನಂತರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜನಪ್ರತಿನಿಧಿ ಸರ್ಕಾರ ಬಂತು. ಆದರೆ ಕನ್ನಡಿಗರು ಆಗಲೂ ಮುಂಬಯಿ, ಮದ್ರಾಸ್, ಹೈದರಾಬಾದ್, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದರು. 1953ರಲ್ಲಿ ರಾಜ್ಯಗಳ ಮರುವಿಂಗಡಣೆಗೆ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ. ಕನ್ನಡ ರಾಜ್ಯ ಆಗಬೇಕೆಂದು 1955ರಲ್ಲಿ ಶಿಫಾರಸು ಮಾಡಿದ ವರದಿ ಅವರ ಹೆಸರಿನಿಂದಲೇ ಪ್ರಸಿದ್ಧ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಹಿಂಜರಿದವರು ನಮ್ಮ ಹಳೇ ಮೈಸೂರಿನವರೇ. ಹಿಂದುಳಿದ ಸೀಮೆಗಳು ಸೇರಿದರೆ ನಮ್ಮ ಹಣ ಅತ್ತ ಹರಿಯುತ್ತದೆ, ಅಧಿಕಾರ ಕೈತಪ್ಪುತ್ತದೆ ಎಂಬ ಭಯ. ಸಿರಿವಂತ ಅಣ್ಣ ಬಡ ತಮ್ಮನನ್ನು ಹೊಸ್ತಿಲಲ್ಲೇ ನಿಲ್ಲಿಸಿದ ಹಾಗೆ ಎನ್ನಬೇಕು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧ ಎದುರಿಸಿಯೂ ಏಕೀಕರಣದ ಪರ ನಿಂತರು.

1956ರ ನವೆಂಬರ್ 1ರಂದು ಹೊಸ ರಾಜ್ಯ ಉದಯವಾಯಿತು. ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಅಲ್ಲಿ ಇಂದಿಗೂ ಕನ್ನಡ ಶಾಲೆಗಳು ನಡೆಯುತ್ತಿವೆ.